ಹಿಮದ ರಜೆಯ ದಿನ ಮಕ್ಕಳು ಏನನ್ನು ಬರೆಯಬೇಕು?

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರದ ರಾಜ್ಯಗಳಲ್ಲಿಯೂ ಕೆನಡಾದಲ್ಲಿಯೂ ಚಳಿಗಾಲದ ಕೆಲವು ಬೆಳಗುಗಳಲ್ಲಿ ಶಾಲೆಗಳ ಬಾಗಿಲು ತೆರೆಯುವುದಿಲ್ಲ. ಇರುಳೆಲ್ಲ ಸುರಿದ ಹಿಮವು ದಾರಿಗಳನ್ನು ಮುಚ್ಚಿ, ಮಕ್ಕಳನ್ನು ಕರೆತರುವ ಬಸ್ಸುಗಳು ಸಂಚರಿಸುವಂತಿಲ್ಲವೆಂದು ಕಂಡುಬಂದಾಗ, ಆಡಳಿತದವರು ನಸುಕಿನಲ್ಲಿಯೇ ರಜೆಯನ್ನು ಸಾರುತ್ತಾರೆ. ಈ ಅನಿರೀಕ್ಷಿತ ಬಿಡುವಿಗೆ ಅಲ್ಲಿ ‘ಸ್ನೋ ಡೇ’ ಎಂಬ ಹೆಸರು; ಕನ್ನಡದಲ್ಲಿ ಹಿಮದ ರಜೆ ಎನ್ನಬಹುದು. ಹಿಂದೆ ರೇಡಿಯೋ ಮುಂದೆ ಕುಳಿತು ತಮ್ಮ ಶಾಲೆಯ ಹೆಸರು ಬರುವುದೇ ಎಂದು ಕಿವಿಗೊಟ್ಟು ಕೇಳುತ್ತಿದ್ದ ಮಕ್ಕಳಿಗೆ ಈಗ ಸುದ್ದಿ ದೂರವಾಣಿಯ ಸಂದೇಶವಾಗಿ ಬರುತ್ತದೆ. 2020ರ ಕೊರೋನಾ ಪಿಡುಗಿನ ನಂತರವಂತೂ ಹಲವು ನಗರಗಳಲ್ಲಿ ಈ ರಜೆಯೇ ಕರಗತೊಡಗಿದೆ. ಮನೆಯಲ್ಲಿಯೇ ಗಣಕಯಂತ್ರದ ಮುಂದೆ ಕುಳಿತು ಪಾಠ ಕೇಳಬೇಕೆಂಬ ಏರ್ಪಾಡು ಅದರ ಸ್ಥಾನಕ್ಕೆ ಬಂದಿದೆ. 2024ರ ಫೆಬ್ರವರಿ 13ರಂದು ನ್ಯೂಯಾರ್ಕ್ ನಗರವು ಇಂಥದೇ ಏರ್ಪಾಡು ಮಾಡಿದಾಗ ಅಸಂಖ್ಯ ಮಕ್ಕಳಿಗೆ ಬೆಳಗಿನ ಹೊತ್ತು ಆ ತರಗತಿಯೊಳಗೆ ಪ್ರವೇಶವೇ ದೊರೆಯಲಿಲ್ಲ. ಕಿಟಕಿಯ ಹೊರಗೆ ಹಿಮ, ಒಳಗೆ ತೆರೆಯದ ಪರದೆ!

ರಜೆ ಇರಲಿ, ಇಲ್ಲದಿರಲಿ, ಆ ದಿನಗಳಲ್ಲಿ ಮಕ್ಕಳ ಕೈಗೆ ಬರವಣಿಗೆಯ ಕೆಲಸವೊಂದನ್ನು ಕೊಡುವುದು ಅಲ್ಲಿಯ ಶಿಕ್ಷಕರ ರೂಢಿ. ಈ ವಿಷಯಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ಹಿಮದ ಗೊಂಬೆಗೆ ಜೀವ ಬಂದರೆ ಏನು ಮಾಡುತ್ತದೆ? ನೀನು ಒಂದು ಹಿಮದ ಹರಳಾಗಿದ್ದರೆ ಎಲ್ಲಿ ಬೀಳುವೆ? ಪೆಂಗ್ವಿನ್ ಹಕ್ಕಿಯೊಂದು ನಿಮ್ಮ ಮನೆಗೆ ಬಂದರೆ ಏನು ಉಣಬಡಿಸುವಿರಿ? ಎಳೆಯ ಮಕ್ಕಳ ಕಲ್ಪನೆಗೆ ಇವು ಸೊಗಸಾದ ಆಟಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮೂವತ್ತು ಮಕ್ಕಳಿಗೆ ಈ ವಿಷಯ ಕೊಟ್ಟರೆ, ಮೂವತ್ತು ಗೊಂಬೆಗಳೂ ಕಡೆಯ ಸಾಲಿನಲ್ಲಿ ಬಿಸಿಲಿಗೆ ಕರಗಿ ಹೋಗುತ್ತವೆ. ಬರೆದ ಮಗು ಯಾವುದೆಂಬ ಗುರುತು ಯಾವ ಹಾಳೆಯಲ್ಲಿಯೂ ಉಳಿಯುವುದಿಲ್ಲ. ಹಿಮವನ್ನು ಎಂದೂ ಕಾಣದ ಊರಿನಲ್ಲಿ ಕುಳಿತೂ ಅದೇ ಕಥೆಯನ್ನು ಬರೆಯಬಹುದು. ಹಿಮ ಬಿದ್ದ ದಿನವೇ ಆ ಹಿಮವನ್ನು ನೋಡದೆ ಬರೆಯಲು ಕಲಿಸುವ ವಿಷಯ ಅದೆಷ್ಟು ಆಕರ್ಷಕವಾಗಿದ್ದರೂ ಅದರಿಂದ ಮಗುವಿಗೆ ಆಗುವ ಲಾಭ ಅಲ್ಪವೆಂದೇ ಹೇಳಬೇಕಾಗುತ್ತದೆ.

ಹಾಗಾದರೆ ಏನನ್ನು ಬರೆಯಿಸಬೇಕು? ಈ ಪ್ರಶ್ನೆಯನ್ನು ಜಪಾನಿನ ಹಿಮನಾಡಿನ ಶಿಕ್ಷಕರಷ್ಟು ಆಳವಾಗಿ ಕೇಳಿಕೊಂಡವರು ವಿರಳ. ಸೈಬೀರಿಯದಿಂದ ಬೀಸುವ ಒಣ ಶೀತಗಾಳಿ ಜಪಾನ್ ಸಮುದ್ರವನ್ನು ದಾಟುವಾಗ ತೇವವನ್ನು ಹೀರಿಕೊಂಡು, ದ್ವೀಪದ ನಡುವಣ ಪರ್ವತಗಳಿಗೆ ತಾಗಿ, ಪಶ್ಚಿಮದ ಮಗ್ಗುಲಿಗೆ ರಾಶಿರಾಶಿಯಾಗಿ ಹಿಮವನ್ನು ಸುರಿಸುತ್ತದೆ. ಅಲ್ಲಿ ಮನೆಯ ಮಾಳಿಗೆಯ ಮೇಲೆ ಹತ್ತಿ ಹಿಮವನ್ನು ಕೆಳಗೆ ತಳ್ಳದಿದ್ದರೆ ಭಾರಕ್ಕೆ ಮನೆಯೇ ಕುಸಿಯುವ ಭಯ. ಹಾಗೆ ತಳ್ಳುವಾಗ ಜಾರಿಬಿದ್ದು ಪ್ರಾಣ ಕಳೆದುಕೊಳ್ಳುವವರು, ಅವರಲ್ಲಿಯೂ ಮುದುಕರು, ಇಂದಿಗೂ ಇದ್ದಾರೆ. ಎಚಿಗೋ ಪ್ರಾಂತದ ಸುಜುಕಿ ಬೊಕುಶಿ ಎಂಬ ವರ್ತಕನು 1837ರಲ್ಲಿ ‘ಹೊಕುಎತ್ಸು ಸೆಪ್ಪು’ ಎಂಬ ಗ್ರಂಥವನ್ನು ಪ್ರಕಟಿಸತೊಡಗಿದನು. ಬೆಚ್ಚನೆಯ ನಾಡಿನವರು ನಾಲ್ಕು ಬೆರಳು ಹಿಮ ಬಿದ್ದರೆ ಪಾನಗೋಷ್ಠಿ ನಡೆಸಿ ಪದ್ಯ ಕಟ್ಟುತ್ತಾರೆ, ಆಳೆತ್ತರ ಹಿಮದಲ್ಲಿ ಹೂತು ಬದುಕುವವರಿಗೆ ಅದರ ಕಷ್ಟವೇ ಗೊತ್ತು ಎಂಬುದು ಅವನ ಧೋರಣೆ. ದಾರಿ ತೋಡುವುದು, ಹಿಮಕುಸಿತ, ನೇಯ್ದ ಬಟ್ಟೆಯನ್ನು ಹಿಮದ ಮೇಲೆ ಹರಡಿ ಬಿಳುಪೇರಿಸುವುದು ಎಲ್ಲವನ್ನೂ ಅವನು ಕಂಡಂತೆ ಬರೆದಿಟ್ಟಿದ್ದಾನೆ.

ಮಕ್ಕಳ ಬರವಣಿಗೆಯ ಮಟ್ಟಿಗೆ ಈ ದೃಷ್ಟಿ ಬರಲು ಮತ್ತೊಂದು ಶತಮಾನವೇ ಬೇಕಾಯಿತು. 1918ರಲ್ಲಿ ಸುಜುಕಿ ಮಿಎಕಿಚಿ ಆರಂಭಿಸಿದ ‘ಅಕಾಯ್ ತೋರಿ’ ಎಂಬ ಮಕ್ಕಳ ಪತ್ರಿಕೆಯು, ದೊಡ್ಡವರ ಅಲಂಕಾರಗಳನ್ನು ಅನುಕರಿಸದೆ ಕಂಡದ್ದನ್ನು ಕಂಡ ಹಾಗೆ ಬರೆಯಿರಿ ಎಂದು ಮಕ್ಕಳಿಗೆ ಹೇಳಿತು. ಅದು ದೊಡ್ಡ ಹೆಜ್ಜೆಯೇ. ಆದರೆ ಈಶಾನ್ಯ ಜಪಾನಿನ ಬಡ ಹಳ್ಳಿಗಳ ಶಿಕ್ಷಕರಿಗೆ ಅಷ್ಟು ಸಾಲದೆನಿಸಿತು. 1930ರಲ್ಲಿ ಅಕಿತಾ ಪ್ರಾಂತದಿಂದ ಹೊರಟ ‘ಹೊಪ್ಪೋ ಕ್ಯೋಯಿಕು’, ಎಂದರೆ ಉತ್ತರದ ಶಿಕ್ಷಣ, ಎಂಬ ಪತ್ರಿಕೆಯ ಸುತ್ತ ನೆರೆದ ಈ ಅಧ್ಯಾಪಕರು, ಮಗುವಿನ ಬರವಣಿಗೆ ಅದರ ಮನೆಯ ಬದುಕಿನಿಂದಲೇ ಹುಟ್ಟಬೇಕೆಂದು ಬಗೆದರು. 1934ರಲ್ಲಿ ಬೇಸಿಗೆಯೇ ತಣ್ಣಗಾಗಿ ಆ ಭಾಗದ ಬತ್ತದ ಬೆಳೆ ನಾಶವಾದಾಗ, ಅಲ್ಲಿಯ ಮಕ್ಕಳ ಹಾಳೆಗಳಲ್ಲಿ ಚಳಿಗಾಲವೆಂದರೆ ಬಿಳುಪಿನ ಸೊಬಗಲ್ಲ, ಅಟ್ಟದ ಮೇಲೆ ಎಷ್ಟು ಅಕ್ಕಿ ಉಳಿದಿದೆಯೆಂಬ ಲೆಕ್ಕವೇ ಆಗಬೇಕಾಗಿತ್ತು. ಇದು ಸರ್ಕಾರಕ್ಕೆ ಸರಿಬೀಳಲಿಲ್ಲ. 1940ರ ಸುಮಾರಿಗೆ ಇಂಥ ಬರವಣಿಗೆ ಕಲಿಸುತ್ತಿದ್ದ ಅನೇಕ ಶಿಕ್ಷಕರನ್ನು ಬಂಧಿಸಲಾಯಿತು. ಮಕ್ಕಳ ಪ್ರಬಂಧದ ವಿಷಯವನ್ನು ಆರಿಸಿದ ಕಾರಣಕ್ಕೆ ಸೆರೆಮನೆ ಕಂಡ ಅಧ್ಯಾಪಕರ ಉದಾಹರಣೆ ಶಿಕ್ಷಣದ ಇತಿಹಾಸದಲ್ಲಿ ಹೆಚ್ಚಿಲ್ಲ.

ಯುದ್ಧ ಮುಗಿದ ಮೇಲೆ, 1948ರ ವಸಂತದಲ್ಲಿ, ಯಮಗಾತಾ ಪ್ರಾಂತದ ಯಮಮೊತೋ ಎಂಬ ಬೆಟ್ಟದ ಹಳ್ಳಿಯ ಮಾಧ್ಯಮಿಕ ಶಾಲೆಗೆ ಮುಚಾಕು ಸೇಕ್ಯೋ ಎಂಬ ತರುಣ ಶಿಕ್ಷಕನಾಗಿ ಬಂದನು. ಬೌದ್ಧ ದೇವಾಲಯವೊಂದರ ಮನೆತನದಲ್ಲಿ ಹುಟ್ಟಿದವನು, ವಯಸ್ಸು ಇಪ್ಪತ್ತೊಂದು. ಹಳ್ಳಿಗಳಲ್ಲಿಯೂ ಮಕ್ಕಳಿಗಾಗಿ ಸಕಲ ಸೌಕರ್ಯಗಳ ಶಾಲೆಗಳಿವೆಯೆಂದು ಅವನ ಕೈಯಲ್ಲಿದ್ದ ಸಮಾಜ ವಿಜ್ಞಾನದ ಪುಸ್ತಕ ಹೇಳುತ್ತಿತ್ತು. ಅವನು ನಿಂತಿದ್ದುದು ಹುಲ್ಲು ಹೊದಿಸಿದ ಕತ್ತಲೆಯ ಕೊಠಡಿ. ಅಲ್ಲಿ ಒಂದು ಭೂಪಟವಿಲ್ಲ, ವಿಜ್ಞಾನದ ಉಪಕರಣವಿಲ್ಲ, ಹರಿದ ಕಾಗದದ ಕಿಟಕಿಯಿಂದ ಹಿಮಗಾಳಿ ನೇರವಾಗಿ ಒಳಗೆ ನುಗ್ಗುತ್ತಿತ್ತು. ಪುಸ್ತಕವನ್ನು ನಂಬುವುದೋ, ಮೈಗೆ ತಾಗುವ ಗಾಳಿಯನ್ನು ನಂಬುವುದೋ? ಮುಚಾಕು ತನ್ನ ನಲವತ್ತಮೂರು ವಿದ್ಯಾರ್ಥಿಗಳಿಗೆ ಆ ವ್ಯತ್ಯಾಸವನ್ನೇ ಬರೆಯಲು ಹೇಳಿದನು. ಅವರು ಬರೆದದ್ದನ್ನು ತರಗತಿಯ ಸಂಚಿಕೆಯಾಗಿ ಪ್ರತಿ ತೆಗೆದು ಎಲ್ಲರೂ ಒಟ್ಟಿಗೆ ಕುಳಿತು ಓದಿ ಚರ್ಚಿಸುತ್ತಿದ್ದರು. ಅವುಗಳಿಂದ ಆಯ್ದ ಬರಹಗಳು 1951ರಲ್ಲಿ ‘ಯಮಾಬಿಕೊ ಗಕ್ಕೋ’, ಎಂದರೆ ಮಾರ್ದನಿಯ ಶಾಲೆ, ಎಂಬ ಹೆಸರಿನಿಂದ ಪ್ರಕಟವಾಗಿ ದೇಶವನ್ನೇ ಬೆರಗುಗೊಳಿಸಿದವು. ಮರುವರ್ಷ ಅದು ಚಲನಚಿತ್ರವೂ ಆಯಿತು.

ಆ ಪುಸ್ತಕದ ಆರಂಭದಲ್ಲಿರುವುದು ‘ಹಿಮ’ ಎಂಬ ಪುಟ್ಟ ಪದ್ಯ. ಒಬ್ಬ ಹುಡುಗ ಬರೆದದ್ದು. ಹೋಲಿಕೆ, ಉಪಮೆ ಏನೂ ಇಲ್ಲದ ಆ ಎರಡು ಮಾತುಗಳು ಹಿಮದ ಅಂದವನ್ನು ಬಿಟ್ಟು ಹಿಮದ ಕೆಳಗೆ ವಾಸಿಸುವ ಮನುಷ್ಯರ ಕಡೆಗೆ ತಿರುಗುತ್ತವೆ. ಅದೇ ಸಂಕಲನದಲ್ಲಿ, ತಂದೆಯನ್ನು ಮೊದಲೇ ಕಳೆದುಕೊಂಡು ತಾಯಿಯನ್ನೂ ಕಳೆದುಕೊಂಡ ಹುಡುಗನೊಬ್ಬನ ದೀರ್ಘ ಪ್ರಬಂಧವಿದೆ. ಅದಕ್ಕೆ 1950ರಲ್ಲಿ ಶಿಕ್ಷಣ ಮಂತ್ರಿಗಳ ಬಹುಮಾನ ಬಂದಿತು. ಅಳುವಿನ ವರ್ಣನೆಗಿಂತ ಅದರಲ್ಲಿ ಎದ್ದು ಕಾಣುವುದು ಲೆಕ್ಕ: ತಂಬಾಕಿನ ಬೆಳೆಯಿಂದ ಬರುವುದೆಷ್ಟು, ಸಾಲವೆಷ್ಟು, ಅಜ್ಜಿಯೊಡನೆ ಉಳಿದ ತನಗೆ ಮನೆವಾರ್ತೆಗೆ ಬೇಕಾದುದೆಷ್ಟು, ತಾಯಿ ಅಷ್ಟು ದುಡಿದೂ ಬಡತನ ಏಕೆ ಹಿಂಗಲಿಲ್ಲ. ಚಳಿಗಾಲಕ್ಕೆ ಸೌದೆ ಹೊತ್ತು ತರುವ ಕೆಲಸದಿಂದ ಶಾಲೆಗೆ ಬರಲಾಗದೆಂದು ಅವನು ತಿಳಿಸಿದಾಗ, ಶಿಕ್ಷಕನು ಅವನಿಂದ ಕೆಲಸಗಳ ಪಟ್ಟಿ ಬರೆಯಿಸಿ, ಅದನ್ನು ತರಗತಿಯ ಮುಂದಾಳು ಹುಡುಗನಿಗೆ ತೋರಿಸಿದನು. ಸಹಪಾಠಿಗಳು ಹೋಗಿ ಕೆಲಸ ಹಂಚಿಕೊಂಡರು. ಒಂದು ಪಟ್ಟಿಯಷ್ಟು ಬರವಣಿಗೆ ಒಬ್ಬ ಹುಡುಗನನ್ನು ಶಾಲೆಗೆ ಮರಳಿ ತಂದಿತು. ಇದಕ್ಕಿಂತ ಫಲಕಾರಿಯಾದ ಪ್ರಬಂಧದ ಪಾಠವನ್ನು ಊಹಿಸುವುದು ಕಷ್ಟ.

ಆದರೆ ಇದರ ಇನ್ನೊಂದು ಮಗ್ಗುಲನ್ನು ಮರೆಮಾಚುವುದು ನ್ಯಾಯವಲ್ಲ. ಪುಸ್ತಕ ಪ್ರಸಿದ್ಧವಾದಂತೆ ಊರಿನವರಲ್ಲಿ ಅಸಮಾಧಾನ ಬೆಳೆಯಿತು. ತಮ್ಮ ಬಡತನವನ್ನು ಜಗತ್ತಿನ ಮುಂದೆ ಹರಡಿದನೆಂಬುದು ಅವರ ದೂರು. 1954ರಲ್ಲಿ ಮುಚಾಕು ಊರು ಬಿಟ್ಟು ಟೋಕಿಯೋಗೆ ತೆರಳಿದನು. ಹಳ್ಳಿಗರ ಕೋಪ ತೀರ ಅನುಚಿತವೆನ್ನುವಂತಿಲ್ಲ. ತಾಯಿಯ ಸಾಲದ ಮೊತ್ತವನ್ನು ಮಗ ತನ್ನ ಗುರುವಿಗೆ ಬರೆದುಕೊಡುವುದು ಬೇರೆ, ಅಂಗಡಿಯಲ್ಲಿ ಆ ಹಾಳೆ ಬೆಲೆಗೆ ದೊರೆಯುವುದು ಬೇರೆ. ಮಗುವಿನಿಂದ ನಿಜವನ್ನು ಬರೆಯಿಸುವ ಶಿಕ್ಷಕನು ಒಂದು ಠೇವಣಿಯನ್ನು ಪಡೆದಂತೆ. ಅದನ್ನು ಹೊರಗೆ ತೆಗೆಯಲು ಮಗುವಿನ ಒಪ್ಪಿಗೆಯೂ ಮನೆಯವರ ಒಪ್ಪಿಗೆಯೂ ಬೇಕು. ಈ ಎಚ್ಚರ ತಪ್ಪಿದಲ್ಲಿ ಮಕ್ಕಳು ಮರುದಿನದಿಂದಲೇ ಹಿಮದ ಗೊಂಬೆಯ ಆಶ್ರಯಕ್ಕೆ ಮರಳುತ್ತಾರೆ, ಅದೂ ಸಹಜವೇ. ಹಾಗೆಂದು ನಿಜವನ್ನೇ ಬರೆಯಿಸಬಾರದೆಂಬ ತೀರ್ಮಾನಕ್ಕೆ ಬರುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಯಮಮೊತೋದ ಆ ಶಾಲೆ 2009ರಲ್ಲಿ ಮುಚ್ಚಿತು; ಮುಚಾಕು 2023ರಲ್ಲಿ ತೀರಿಕೊಂಡನು. ಮಕ್ಕಳು ಬರೆದ ಪುಸ್ತಕ ಮಾತ್ರ ಇಂದಿಗೂ ಅಚ್ಚಿನಲ್ಲಿ ಉಳಿದಿದೆ.

ಎಲ್ಲ ಹಿಮದ ಬರವಣಿಗೆಯೂ ಬಡತನದ ಕಥೆಯಾಗಬೇಕಾಗಿಲ್ಲ. ನೋಡುವ ಕಣ್ಣೇ ಮುಖ್ಯ. ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೋ ಎಂಬ ಊರಿನ ರೈತನ ಮಗ ವಿಲ್ಸನ್ ಬೆಂಟ್ಲಿ (1865–1931) ಬಾಲ್ಯದಲ್ಲಿ ಬಹುಕಾಲ ಮನೆಯಲ್ಲಿಯೇ, ಶಿಕ್ಷಕಿಯಾಗಿದ್ದ ತಾಯಿಯಿಂದ, ಕಲಿತವನು. ತಾಯಿ ಕೊಟ್ಟ ಸೂಕ್ಷ್ಮದರ್ಶಕದಲ್ಲಿ ಹಿಮದ ಹರಳನ್ನು ನೋಡಿ ಚಿತ್ರ ಬರೆಯಲು ಹೊರಟರೆ, ಚಿತ್ರ ಮುಗಿಯುವ ಮೊದಲೇ ಹರಳು ಕರಗುತ್ತಿತ್ತು. ಆ ನಿರಾಶೆಯೇ ಅವನನ್ನು ಛಾಯಾಚಿತ್ರದ ಕಡೆಗೆ ಒಯ್ದಿತು. 1885ರ ಜನವರಿ 15ರಂದು, ಇನ್ನೂ ಹತ್ತೊಂಬತ್ತರ ಪ್ರಾಯದಲ್ಲಿ, ಅವನು ಒಂಟಿ ಹರಳಿನ ಛಾಯಾಚಿತ್ರ ತೆಗೆದನು. ಜೀವಮಾನದಲ್ಲಿ ಐದು ಸಾವಿರಕ್ಕೂ ಮಿಕ್ಕಿ ಚಿತ್ರಗಳನ್ನು ಸಂಗ್ರಹಿಸಿದನು. ಜಪಾನಿನ ನಕಾಯಾ ಉಕಿಚಿರೋ 1936ರಲ್ಲಿ ಹೊಕ್ಕಾಯ್ದೋದ ತನ್ನ ಪ್ರಯೋಗಶಾಲೆಯಲ್ಲಿ ಹಿಮದ ಹರಳನ್ನು ಸ್ವತಃ ಬೆಳೆಸಿ, ಅದರ ಆಕಾರವು ಗಾಳಿಯ ತಾಪಮಾನವನ್ನೂ ತೇವವನ್ನೂ ಅವಲಂಬಿಸಿದೆಯೆಂದು ತೋರಿಸಿದನು. ತಣ್ಣಗಾಗಿಸಿದ ಕಪ್ಪು ಬಟ್ಟೆಯ ತುಂಡು, ಒಂದು ಭೂತಗನ್ನಡಿ ಇದ್ದರೆ ಯಾವ ಮಗುವೂ ಹೊಸ್ತಿಲ ಹೊರಗೆ ನಿಂತು ಹರಳನ್ನು ನೋಡಿ, ಅದು ಕರಗುವುದರೊಳಗೆ ನಾಲ್ಕು ಮಾತು ಬರೆಯಬಹುದು. ಅಲಂಕಾರಕ್ಕೆ ಸಮಯವೇ ಇರುವುದಿಲ್ಲ.

ಇನ್ನೂ ಸರಳವಾದವು ಎಷ್ಟೋ ಇವೆ. ಈ ಬೆಳಗ್ಗೆ ನಿನ್ನ ಬಾಗಿಲ ದಾರಿಯನ್ನು ಬಿಡಿಸಿದವರು ಯಾರು, ಅವರು ಎಷ್ಟು ಗಂಟೆಗೆ ಎದ್ದರು? ಪಕ್ಕದ ಮನೆಯ ಮುದುಕಿಯ ದಾರಿಯನ್ನು ಯಾರು ಬಿಡಿಸಿದರು, ಅಥವಾ ಬಿಡಿಸಲೇ ಇಲ್ಲವೇ? ಅಂಗಳದಲ್ಲಿ ಒಂದು ಕೋಲು ನೆಟ್ಟು ಗಂಟೆಗೊಮ್ಮೆ ಹಿಮದ ಎತ್ತರವನ್ನು ಗುರುತಿಸು. ಮನೆಯ ಹಿರಿಯರು ಹಿಮಕ್ಕೆ ಹೇಳುವ ಹೆಸರುಗಳನ್ನು ಕೇಳಿ ಬರೆದುಕೋ. ಪುಡಿಯಂತೆ ಬೀಳುವುದಕ್ಕೆ, ದೊಡ್ಡ ದಳಗಳಾಗಿ ಬೀಳುವುದಕ್ಕೆ, ಮಳೆಯೊಡನೆ ಬೆರೆತು ಬೀಳುವುದಕ್ಕೆ, ವಸಂತದವರೆಗೆ ನೆಲ ಬಿಡದೆ ಬೇರೂರುವುದಕ್ಕೆ ಜಪಾನೀಯರಲ್ಲಿ ಬೇರೆ ಬೇರೆ ಹೆಸರುಗಳಿವೆ.

ತಿದ್ದುವ ವಿಚಾರದಲ್ಲಿಯೂ ಒಂದು ಮಾತು ಹೇಳಬೇಕಾಗಿದೆ. ಇಂಥ ಬರಹ ಕೈಗೆ ಬಂದಾಗ ಶಿಕ್ಷಕರ ಕೆಂಪು ಶಾಯಿ ಮೊದಲು ಕಾಗುಣಿತದ ಮೇಲೆ ಬೀಳುತ್ತದೆ, ಅನಂತರ ‘ಶುಭ್ರ ಧವಳ’ ಎಂಬಂಥ ವಿಶೇಷಣವೊಂದನ್ನು ಸೇರಿಸುತ್ತದೆ. ನಮ್ಮ ನಾಡಿನ ಶಾಲೆಗಳ ವಾರ್ಷಿಕ ಸಂಚಿಕೆಗಳಲ್ಲಿಯೂ ಮಗುವಿನ ಹೆಸರಿನ ಕೆಳಗೆ ಗುರುಗಳ ಗದ್ಯ ಅಚ್ಚಾಗುವುದು ಅಪರೂಪವೇನಲ್ಲ. ಕಾಗುಣಿತ ತಿದ್ದಲಿ, ವಿಶೇಷಣ ಮಗುವಿಗೇ ಇರಲಿ.

ಕೊನೆಯದಾಗಿ, ಕನ್ನಡಿಗರಿಗೇ ನೇರವಾಗಿ ಸಂಬಂಧಿಸಿದ ಒಂದು ವಿಷಯ. ಕರ್ನಾಟಕದ ಶಾಲೆಗಳಲ್ಲಿ ಓದಿದ ಅನೇಕರ ಮಕ್ಕಳು, ಮೊಮ್ಮಕ್ಕಳು ಇಂದು ಚಿಕಾಗೋ, ಟೊರಾಂಟೋಗಳಂಥ ಊರುಗಳಲ್ಲಿ ಹಿಮದ ರಜೆಯನ್ನು ಕಾಣುತ್ತಿದ್ದಾರೆ. ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಅಕ್ಷರ ಕಲಿಯುವ ಆ ಮಕ್ಕಳಿಗೆ ಕೊಡಬಹುದಾದ ಅತ್ಯುತ್ತಮ ಬರವಣಿಗೆ, ಹಿಮವನ್ನು ಎಂದೂ ನೋಡದ ಅಜ್ಜಿಗೆ ಒಂದು ಕಾಗದ. ‘ಮಂಜು ಬಿತ್ತು’ ಎಂದು ಬರೆದರೆ ಧಾರವಾಡದ ಅಜ್ಜಿ ಮಾಗಿಯ ಬೆಳಗಿನಲ್ಲಿ ಕವಿಯುವ ಮಬ್ಬನ್ನು ನೆನೆಯುತ್ತಾಳೆ. ಹಿಮ ಎಂದರೆ ಹಿಮಾಲಯವನ್ನು. ಆಲಿಕಲ್ಲನ್ನು ಅವಳು ಬಲ್ಲಳು, ಹಿಂಜಿದ ಅರಳೆಯನ್ನು ಬಲ್ಲಳು. ಇವುಗಳಿಂದ ಹಿಮವನ್ನು ಕಟ್ಟಿಕೊಡಲು ಮಗು ತನ್ನ ಕನ್ನಡವನ್ನೆಲ್ಲ ಹುಡುಕಬೇಕಾಗುತ್ತದೆ. ಅರಳೆಯ ಸಂಗತಿಯನ್ನು ತಂದೆತಾಯಿಗಳಿಂದ ಕೇಳಿ ತಿಳಿಯಬೇಕಾಗುತ್ತದೆ. ಅಜ್ಜಿ ಮರಳಿ ಬರೆಯುವಾಗ ಏನನ್ನಾದರೂ ಕೇಳಿಯೇ ಕೇಳುತ್ತಾಳೆ: ಅದು ಬೀಳುವಾಗ ಮಳೆಯ ಹಾಗೆ ಸದ್ದಾಗುತ್ತದೆಯೇ? ಆಗ ಮಗುವು ಉತ್ತರ ಬರೆಯಲು ಮುಂದಿನ ಹಿಮಕ್ಕಾಗಿ ಕಾದು, ಕಿಟಕಿ ತೆರೆದು, ಕಿವಿಗೊಡಬೇಕಾಗುತ್ತದೆ.