ಪಾಠಕ್ಕೆ ಬೀಗವೇಕೆ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ತಾನೂ ಮೇಷ್ಟರು, ಸಂಧಿಗಳ ಕುರಿತು ತಯಾರಿಸಿದ ಪವರ್‌ಪಾಯಿಂಟ್ ಪಾಠವನ್ನು ಕಳುಹಿಸಿದ್ದ. ಸೊಗಸಾಗಿತ್ತು. ಆದರೆ ‘ಊರೂರು’ ಆಗಮಸಂಧಿಯ ಪಟ್ಟಿಯಲ್ಲಿ ಕುಳಿತಿತ್ತು! ಊರು+ಊರು, ನಡುವಿನ ಉಕಾರ ಬಿಟ್ಟುಹೋಗಿದೆ; ಲೋಪಸಂಧಿಯಲ್ಲವೇ? ತಿದ್ದಹೊರಟರೆ ಪಾಸ್‌ವರ್ಡ್ ಕೇಳಿತು. ಫೋನು ಮಾಡಿದೆ. “ಯಾರಾದರೂ ಕದ್ದಾರೆಂದು ಹಾಕಿದ್ದೆ ಸಾರ್, ಈಗ ನನಗೇ ಮರೆತಿದೆ” ಎಂದ.

ಆ ಬೀಗವಾದರೂ ಎಂಥದು? ತೆರೆಯುವುದಕ್ಕೇ ಹಾಕುವ ಪಾಸ್‌ವರ್ಡ್ ಕಡತವನ್ನು ಗೂಢಲಿಪಿಯಾಗಿಸುತ್ತದೆ. ಅದು ನಿಜವಾದ ಬೀಗ. ಪರೀಕ್ಷೆಗೆ ಮುನ್ನ ಪ್ರಶ್ನೆಪತ್ರಿಕೆಗೆ ಅದು ಇರಲಿ. ತಿದ್ದದಂತೆ ಹಾಕುವುದು ಬರಿಯ ಚಿಲಕ. ಪಿಪಿಟಿಎಕ್ಸ್ ಕಡತವೆಂದರೆ ಒಂದು ಜಿಪ್ ಗಂಟು. ಒಳಗಿನ ಒಂದು ಸಾಲನ್ನು ಅಳಿಸಬಲ್ಲವನಿಗೆ ಆ ಚಿಲಕ ಲೆಕ್ಕಕ್ಕಿಲ್ಲ. ಅಷ್ಟೂ ಬಾರದವನು ಪರದೆಯ ಮುಂದೆ ಮೊಬೈಲ್ ಹಿಡಿದರಾಯಿತು. ಕಳ್ಳನಿಗೆ ದಾರಿಯುಂಟು, ತಿದ್ದುವವನಿಗಿಲ್ಲ!

ನನ್ನ ವ್ಯಾಕರಣದ ಟಿಪ್ಪಣಿಗಳನ್ನು ನೆರೆಯ ಶಾಲೆಯವರು ಹೆಸರೂ ಹೇಳದೆ ನಕಲು ಮಾಡಿಕೊಂಡಿದ್ದರು. ಕೋಪ ಬಂದದ್ದು ನಿಜ. ಆದರೆ ಅವರಲ್ಲೊಬ್ಬರು ನನ್ನ ಎರಡು ತಪ್ಪುಗಳನ್ನು ಅಂಚಿನಲ್ಲಿ ತಿದ್ದಿ ಮರಳಿಸಿದರು. ಕಳುವಾದುದಕ್ಕಿಂತ ಬಂದದ್ದೇ ಹೆಚ್ಚಾಯಿತು.

ಆ ಪಾಠ ಈಗಾಗಲೇ ನಾಲ್ಕಾರು ಶಾಲೆಗಳಿಗೆ ಹೋಗಿದೆಯಂತೆ. ಅಲ್ಲಿನ ಮಕ್ಕಳು ‘ಊರೂರು’ ಆಗಮಸಂಧಿಯೆಂದೇ ಬರೆದುಕೊಳ್ಳುತ್ತಿರಬೇಕು.