ಅದೂ ಇಲ್ಲ, ಇದೂ ಇಲ್ಲ

ಒಂದು ಮಾತಿಗೆ ‘ಇಲ್ಲ’ ಎನ್ನುವುದು ಯಾವ ಭಾಷೆಯಲ್ಲಿಯೂ ಅಷ್ಟೇನೂ ಕಷ್ಟವಲ್ಲ. ಮಗುವು ಮೊದಲು ಕಲಿಯುವ ಮಾತುಗಳಲ್ಲಿ ಅದೂ ಒಂದು. ಆದರೆ ಎರಡು ಸಂಗತಿಗಳನ್ನು ಒಂದೇ ವಾಕ್ಯದಲ್ಲಿ ಒಟ್ಟಿಗೆ ನಿರಾಕರಿಸಬೇಕಾದಾಗ ಭಾಷೆಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಆ ದಾರಿಗಳ ಕವಲಿನಲ್ಲಿ ನಮ್ಮಂತಹ ವಿದ್ಯಾರ್ಥಿಗಳು ಎಡವುತ್ತಾರೆ. ಕೆಲವು ಸಲ ಎಡವಿದ್ದಕ್ಕೆ ನಗೆಪಾಟಲಾಗುತ್ತಾರೆ, ಕೆಲವು ಸಲ ಹಣವನ್ನೇ ಕಳೆದುಕೊಳ್ಳುತ್ತಾರೆ. ಈ ವಿಷಯದಲ್ಲಿ ನನಗಿರುವ ಅಭಿಪ್ರಾಯವನ್ನು ಸಹಪಾಠಿಗಳ ಮತ್ತು ಗುರುಗಳ ಮುಂದಿಡಲು ಬಯಸುತ್ತೇನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇಂಗ್ಲಿಷು ನನಗೆ ತರಗತಿಯಲ್ಲಿ ಮಾತ್ರ ಸಿಕ್ಕ ಭಾಷೆ. ಜಪಾನೀ ಭಾಷೆಯಂತೂ ವಾಚನಾಲಯದ ಮೂಲೆಯಲ್ಲಿ ದೊರೆತ ಒಂದು ಪ್ರಥಮ ಪಾಠಪುಸ್ತಕದಿಂದ ಪರಿಚಯವಾದದ್ದು. ಇವೆರಡನ್ನೂ ಕನ್ನಡದ ಪಕ್ಕದಲ್ಲಿಟ್ಟು ನೋಡಿದಾಗ ಕಂಡದ್ದನ್ನು ಹೇಳುತ್ತೇನೆ.

ಮೊದಲು ಇಂಗ್ಲಿಷನ್ನು ನೋಡೋಣ. ಒಬ್ಬನು ಕಾಫಿಯನ್ನೂ ಕುಡಿಯುವುದಿಲ್ಲ, ಚಹವನ್ನೂ ಕುಡಿಯುವುದಿಲ್ಲ ಎನ್ನಲು ಆ ಭಾಷೆ ‘ಹಿ ಡ್ರಿಂಕ್ಸ್ ನೈದರ್ ಕಾಫಿ ನಾರ್ ಟೀ’ ಎನ್ನುತ್ತದೆ. ಇಲ್ಲಿ ಕ್ರಿಯಾಪದಕ್ಕೆ ನಿಷೇಧದ ಗುರುತೇ ಇಲ್ಲ. ಇಡೀ ನಿಷೇಧವನ್ನು ‘ನೈದರ್’, ‘ನಾರ್’ ಎಂಬ ಎರಡು ಜೋಡಣೆಯ ಪದಗಳೇ ಹೊತ್ತಿವೆ. ಕ್ರಿಯಾಪದಕ್ಕೆ ‘ನಾಟ್’ ಸೇರಿಸಿದೆವೋ, ಆಗ ‘ನೈದರ್’ ಸಲ್ಲದು. ‘ಹಿ ಡಸ್ ನಾಟ್ ಡ್ರಿಂಕ್ ಕಾಫಿ ಆರ್ ಟೀ’ ಎಂದು, ‘ಅಥವಾ’ ಎಂಬ ಅರ್ಥದ ‘ಆರ್’ ಬರಬೇಕು. ಇನ್ನು ‘ನಾರ್’ ಎಂಬುದು ಎರಡನೆಯ ವಾಕ್ಯದ ತಲೆಯಲ್ಲಿ ಕುಳಿತರೆ, ಅದರ ಹಿಂದೆ ಪ್ರಶ್ನೆಯಲ್ಲಿರುವಂತೆ ಸಹಾಯಕ ಕ್ರಿಯಾಪದವು ಕರ್ತೃವಿಗಿಂತ ಮುಂದೆ ಬರಬೇಕು: ‘ನಾರ್ ಡಿಡ್ ಹಿ’ ಎಂದೇ ಹೊರತು ‘ನಾರ್ ಹಿ ಡಿಡ್’ ಎಂದಲ್ಲ. ಈ ಸೂತ್ರಗಳನ್ನೆಲ್ಲ ನಾವು ವಾಕ್ಯ ಪರಿವರ್ತನೆಯ ಅಭ್ಯಾಸಗಳಲ್ಲಿ ಕಂಠಪಾಠ ಮಾಡುತ್ತೇವೆ. ಏಕೆ ಹೀಗೆ ಎಂದು ಕೇಳುವವರು ವಿರಳ.

ಜಪಾನೀ ಭಾಷೆಯ ದಾರಿಯೇ ಬೇರೆ. ಅದೇ ಮಾತನ್ನು ಅವರು ‘ಕೋಹೀ ಮೊ ಕೋಚ ಮೊ ನೊಮನೈ’ ಎನ್ನುತ್ತಾರೆ. ‘ಕೋಹೀ’ ಎಂದರೆ ಕಾಫಿ, ‘ಕೋಚ’ ಎಂದರೆ ಚಹ, ‘ನೊಮನೈ’ ಎಂದರೆ ಕುಡಿಯುವುದಿಲ್ಲ. ನಡುವೆ ಎರಡು ಸಲ ಬಂದ ‘ಮೊ’ ಯಾವುದು? ಅದು ನಮ್ಮ ‘ಊ’! ಕಾಫಿಯೂ, ಚಹವೂ ಎನ್ನುವಾಗ ನಾವು ಹಚ್ಚುವ ಪ್ರತ್ಯಯದ ಕೆಲಸವನ್ನೇ ಅದು ಮಾಡುತ್ತದೆ. ‘ಮೊ’ಗೆ ತನ್ನದೇ ಆದ ನಿಷೇಧಾರ್ಥವಿಲ್ಲ. ಕುಡಿಯುತ್ತಾನೆ ಎನ್ನುವಾಗಲೂ ಅದೇ ‘ಮೊ’, ಕುಡಿಯುವುದಿಲ್ಲ ಎನ್ನುವಾಗಲೂ ಅದೇ ‘ಮೊ’. ನಿಷೇಧವು ವಾಕ್ಯದ ಕೊನೆಯಲ್ಲಿ ಕ್ರಿಯಾಪದದ ಮೇಲೆ ಒಮ್ಮೆ ಮಾತ್ರ ಬೀಳುತ್ತದೆ. ‘ವಿದ್ಯಾರ್ಥಿಯೂ ಅಲ್ಲ, ಗುರುವೂ ಅಲ್ಲ’ ಎನ್ನಲು ಅವರು ‘ಗಕುಸೇ ದೆ ಮೊ ಸೆನ್ಸೇ ದೆ ಮೊ ನೈ’ ಎನ್ನುತ್ತಾರೆ. ‘ಯಾರೂ ಏನೂ ಹೇಳಲಿಲ್ಲ’ ಎಂಬುದು ‘ದರೆ ಮೊ ನನಿ ಮೊ ಇವನಕತ್ತ’ ಎಂದಾಗುತ್ತದೆ. ‘ದರೆ’ ಎಂದರೆ ಯಾರು, ‘ನನಿ’ ಎಂದರೆ ಏನು. ಪ್ರಶ್ನಾರ್ಥಕ ಪದಕ್ಕೆ ‘ಊ’ ಹಚ್ಚಿ, ಕೊನೆಯಲ್ಲಿ ಒಮ್ಮೆ ನಿರಾಕರಿಸುವ ಈ ಕ್ರಮವು ಕನ್ನಡಿಗನಿಗೆ ಮನೆಯ ಮಾತಿನಂತೆಯೇ ಇದೆ.

ಕ್ರಿಯೆಗಳನ್ನು ಕೂಡಿಸುವಾಗಲೂ ಹೀಗೆಯೇ. ಅನ್ನನೀರಿಲ್ಲದೆ ದುಡಿದರು ಎನ್ನುವಲ್ಲಿ ಜಪಾನಿಯರು ‘ನೊಮಜು ಕುವಜು’ ಎನ್ನುತ್ತಾರೆ. ಕುಡಿಯದೆ, ತಿನ್ನದೆ ಎಂದು ಅರ್ಥ. ಇಂಗ್ಲಿಷಿನಲ್ಲಾದರೆ ‘ವಿದೌಟ್’ ಎಂದು ಒಮ್ಮೆ ಹೇಳಿ ಮತ್ತೆ ‘ಆರ್’ ತರಬೇಕು. ಹಾಗೆಂದು ಕನ್ನಡವೂ ಜಪಾನಿಯೂ ಎಲ್ಲದರಲ್ಲಿಯೂ ಒಂದೇ ಎಂದು ಭಾವಿಸಬಾರದು. ನಾವು ‘ಉಣ್ಣದೆ ಶಾಲೆಗೆ ಹೋದನು’ ಎನ್ನುತ್ತೇವೆ. ‘ಮಳೆ ಬಾರದೆ ಕಷ್ಟವಾಯಿತು’ ಎಂದೂ ಎನ್ನುತ್ತೇವೆ. ಎರಡಕ್ಕೂ ಒಂದೇ ರೂಪ. ಜಪಾನೀ ಭಾಷೆ ಇಲ್ಲಿ ಎರಡು ರೂಪಗಳನ್ನು ಬೇರೆಯಾಗಿಡುತ್ತದೆ. ಒಂದು ಕೆಲಸ ಮಾಡದೆ ಮತ್ತೊಂದು ಮಾಡಿದಾಗ ‘ತಬೆನೈದೆ’ ಎಂಬಂತಹ ರೂಪ. ಒಂದು ನಡೆಯದ ಕಾರಣ ಮತ್ತೊಂದು ಒದಗಿದಾಗ ‘ಫುರನಕುತೆ’ ಎಂಬಂತಹ ರೂಪ. ಸುಸುಮು ಓನೊ ಎಂಬ ಜಪಾನೀ ವಿದ್ವಾಂಸರು ತಮ್ಮ ಭಾಷೆಗೂ ತಮಿಳಿಗೂ ನಂಟಿದೆಯೆಂದು ವಾದಿಸಿದ್ದುಂಟು. ಆದರೆ ಬಹುಮಂದಿ ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಲಿಲ್ಲ. ನಾನು ಹೇಳುತ್ತಿರುವುದು ರಕ್ತಸಂಬಂಧದ ಮಾತಲ್ಲ, ಕ್ರಿಯಾಪದವನ್ನು ಕೊನೆಯಲ್ಲಿಡುವ ಎರಡು ಭಾಷೆಗಳ ಹೋಲಿಕೆಯ ಮಾತು.

ಗಾಂಧೀಜಿಯವರ ಬಳಿಯಿದ್ದ ಮೂರು ಕೋತಿಗಳ ಬೊಂಬೆಯನ್ನು ಅರಿಯದವರಿಲ್ಲ. ಅವುಗಳ ಪ್ರಸಿದ್ಧ ಶಿಲ್ಪವಿರುವುದು ಜಪಾನಿನ ನಿಕ್ಕೋ ಊರಿನ ತೋಶೋಗು ದೇವಾಲಯದಲ್ಲಿ, 17ನೆಯ ಶತಮಾನದ ಕುದುರೆ ಲಾಯದ ಮೇಲೆ. ಅವುಗಳ ಹೆಸರು ‘ಮಿಜರು, ಕಿಕಜರು, ಇವಜರು’; ನೋಡದ, ಕೇಳದ, ಆಡದ ಎಂದು ಮೂರು ನಿಷೇಧಗಳ ಸರಮಾಲೆ. ಹಳೆಯ ಜಪಾನೀ ಭಾಷೆಯ ನಿಷೇಧ ಪ್ರತ್ಯಯವಾದ ‘ಜರು’ವಿಗೂ, ಕೋತಿ ಎಂಬರ್ಥದ ‘ಸರು’ವಿಗೂ ಇರುವ ಶ್ಲೇಷೆಯೇ ಅಲ್ಲಿನ ಸ್ವಾರಸ್ಯ. ಇಂಗ್ಲಿಷಿಗೆ ಹೋದಾಗ ಆ ಶ್ಲೇಷೆ ಕಳೆದುಹೋಯಿತು. ಮೂಲದ ಹೆಸರಿನಲ್ಲಿ ಇಲ್ಲದ ‘ಕೆಟ್ಟದ್ದು’ ಎಂಬ ಪದ ಬಂದು ಸೇರಿತು. ನಿಷೇಧವು ಕ್ರಿಯಾಪದವನ್ನು ಬಿಟ್ಟು ನಾಮಪದಕ್ಕೆ ಅಂಟಿಕೊಂಡಿತು. ಭಾಷೆ ಬದಲಾದರೆ ‘ಇಲ್ಲ’ ಎಂಬುದು ಕೂರುವ ಸ್ಥಳವೂ ಬದಲಾಗುವುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಈಗ ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. ‘ಯಾರೂ ಏನೂ ಹೇಳಲಿಲ್ಲ’ ಎಂಬುದನ್ನು ಇಂಗ್ಲಿಷಿಗೆ ತರುವಾಗ ನಮ್ಮಲ್ಲಿ ಹಲವರು ‘ನೋಬಡಿ’ ಎಂದು ಬರೆದ ಮೇಲೂ ಕ್ರಿಯಾಪದಕ್ಕೆ ‘ನಾಟ್’ ಹಚ್ಚುತ್ತಾರೆ. ಆಗ ‘ಎರಡು ನಿಷೇಧ ಸೇರಿದರೆ ಒಪ್ಪಿಗೆಯಾಗುತ್ತದೆ, ಇಷ್ಟೂ ತರ್ಕಜ್ಞಾನ ಬೇಡವೆ?’ ಎಂಬ ಮಾತು ಕೇಳಿಬರುತ್ತದೆ. ಇದು ತರ್ಕದ ಪ್ರಶ್ನೆಯೇ ಅಲ್ಲ ಎಂದು ನಾನು ಹೇಳುತ್ತೇನೆ. 14ನೆಯ ಶತಮಾನದ ಕವಿ ಚಾಸರನು ‘ಕ್ಯಾಂಟರ್ಬರಿ ಕಥೆ’ಗಳಲ್ಲಿ ನೈಟ್ ವೀರನನ್ನು ವರ್ಣಿಸುವಾಗ ಎರಡೇ ಸಾಲುಗಳಲ್ಲಿ ನಾಲ್ಕು ನಿಷೇಧಗಳನ್ನು ಪೇರಿಸಿದ್ದಾನೆ, ನಾಲ್ಕೂ ಸೇರಿ ಒಂದೇ ಗಟ್ಟಿಯಾದ ‘ಇಲ್ಲ’ವಾಗುತ್ತವೆ. ಮುಂದೆ ಬರೆಹದ ಇಂಗ್ಲಿಷಿನಲ್ಲಿ ಆ ರೂಢಿ ಕ್ಷೀಣಿಸಿತು. 18ನೆಯ ಶತಮಾನದಲ್ಲಿ ಬಿಷಪ್ ರಾಬರ್ಟ್ ಲೌತ್ ಮೊದಲಾದ ವ್ಯಾಕರಣಕಾರರು ಅದನ್ನು ತಪ್ಪೆಂದು ಸಾರಿದರು. ರೂಢಿಯು ಸೂತ್ರವಾಯಿತು, ಸೂತ್ರಕ್ಕೆ ತರ್ಕದ ಮುದ್ರೆ ಬಿತ್ತು. ಸೂತ್ರವನ್ನು ನಾವು ಪಾಲಿಸಲೇಬೇಕು, ನಿಜ. ಆದರೆ ಹಳ್ಳಿಯ ಹುಡುಗನೊಬ್ಬನು ಅದನ್ನು ಮೀರಿದರೆ ಅವನ ಬುದ್ಧಿಯಲ್ಲಿ ಕೊರತೆಯಿದೆ ಎನ್ನುವುದು ನ್ಯಾಯವಲ್ಲ. ಅವನು ತನ್ನ ಭಾಷೆಯ ನಿಯಮದಂತೆ ಕ್ರಿಯಾಪದದಲ್ಲಿ ನಿಷೇಧವನ್ನು ಹುಡುಕಿದ್ದಾನೆ, ಅಷ್ಟೆ.

ತರ್ಕದ ಮಾತು ಬಂದುದರಿಂದ ಆಗಸ್ಟಸ್ ಡಿ ಮಾರ್ಗನ್ನನನ್ನು ನೆನೆಯಬೇಕು. 1806ರಲ್ಲಿ ನಮ್ಮ ನೆರೆಯ ಮಧುರೆಯಲ್ಲಿ ಹುಟ್ಟಿದ ಈ ಗಣಿತಜ್ಞನ ಹೆಸರಿನಲ್ಲಿ ಒಂದು ನಿಯಮವಿದೆ: ‘ಅ ಅಥವಾ ಆ’ ಎಂಬುದನ್ನು ಒಟ್ಟಿಗೆ ನಿರಾಕರಿಸಿದರೆ ‘ಅ ಇಲ್ಲ ಮತ್ತು ಆ ಇಲ್ಲ’ ಎಂದಾಗುತ್ತದೆ. ಇಂಗ್ಲಿಷಿನ ‘ನಾಟ್… ಆರ್’ ಇದನ್ನೇ ಅನುಸರಿಸುತ್ತದೆ. ಜಪಾನೀ ಭಾಷೆಯಲ್ಲಿ ‘ಅಥವಾ’ ಎಂಬರ್ಥದ ಪದ ‘ಕ’. ಅದನ್ನು ನಿಷೇಧ ವಾಕ್ಯದಲ್ಲಿ ಬಳಸಿದರೆ ದೊಡ್ಡವರು ‘ಎರಡರಲ್ಲಿ ಯಾವುದೋ ಒಂದು ಇಲ್ಲ’ ಎಂದು ತಿಳಿಯುತ್ತಾರೆ. ಎರಡೂ ಇಲ್ಲ ಎನ್ನಲು ‘ಮೊ’ ಬೇಕು. ತಕುಯ ಗೊರೊ ಮತ್ತು ಸಚಿಎ ಅಕಿಬ ಎಂಬವರು 2004ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಜಪಾನೀ ಎಳೆಯ ಮಕ್ಕಳು ಮಾತ್ರ ಅದೇ ‘ಕ’ ವಾಕ್ಯವನ್ನು ಇಂಗ್ಲಿಷಿನವರಂತೆ ‘ಎರಡೂ ಇಲ್ಲ’ ಎಂದೇ ಗ್ರಹಿಸುತ್ತಾರೆ. ಎಂದರೆ, ಒಂದೇ ‘ಅಥವಾ’ವನ್ನು ಬುದ್ಧಿವಂತರಾದ ಇಬ್ಬರು ಎರಡು ಬಗೆಯಾಗಿ ಓದುವುದು ಸಾಧ್ಯ.

ಇದು ಬರಿಯ ಪಾಂಡಿತ್ಯದ ಚರ್ಚೆಯೆಂದು ಯಾರೂ ತಳ್ಳಿಹಾಕದಿರಲಿ. ನನ್ನ ಗೆಳೆಯನೊಬ್ಬನು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದನು. ‘ಆದಾಯ ಪ್ರಮಾಣಪತ್ರ ಅಥವಾ ಜಾತಿ ಪ್ರಮಾಣಪತ್ರ ಸಲ್ಲಿಸದವರ ಅರ್ಜಿಗಳನ್ನು ಪರಿಗಣಿಸಲಾಗುವುದಿಲ್ಲ’ ಎಂದು ಪ್ರಕಟಣೆಯಲ್ಲಿತ್ತು. ಅವನ ಕೈಯಲ್ಲಿ ಆದಾಯದ ಪತ್ರವಿತ್ತು. ಇನ್ನೊಂದು ಇನ್ನೂ ಬಂದಿರಲಿಲ್ಲ. ಎರಡನ್ನೂ ಕೊಡದವರಿಗೆ ಮಾತ್ರ ಈ ನಿರಾಕರಣೆ ಎಂದು ಅವನು ಓದಿಕೊಂಡನು. ಎರಡರಲ್ಲಿ ಒಂದು ಇಲ್ಲದಿದ್ದರೂ ನಿರಾಕರಣೆ ಎಂಬುದು ಕಚೇರಿಯವರ ಅರ್ಥ. ಅರ್ಜಿ ಬಿದ್ದುಹೋಯಿತು. ಆ ವರ್ಷವೆಲ್ಲ ಅವನು ಸಂಜೆ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ಊಟದ ಖರ್ಚನ್ನು ಹೊಂದಿಸಿಕೊಂಡನು. ಅವನ ಓದು ಡಿ ಮಾರ್ಗನ್ನನ ನಿಯಮಕ್ಕೆ ಸರಿಯಾಗಿಯೇ ಇತ್ತು!

‘ಅಥವಾ’ದ ಬದಲು ‘ಎರಡನ್ನೂ ಸಲ್ಲಿಸದವರು’ ಎಂದು ಬರೆದರೂ ತೊಡಕು ಹೋಗದು. ಒಂದನ್ನೂ ಕೊಡದವರೋ, ಒಂದನ್ನಷ್ಟೇ ಕೊಟ್ಟವರೋ ಎಂಬ ಸಂದೇಹ ಉಳಿದೇ ಇರುತ್ತದೆ. ಎರಡೂ ಇಲ್ಲದವರು ಎನ್ನಬೇಕಾದರೆ ಕನ್ನಡದಲ್ಲಿ ‘ಅದನ್ನಾಗಲಿ ಇದನ್ನಾಗಲಿ ಸಲ್ಲಿಸದವರು’ ಎಂಬ ನಿಸ್ಸಂದಿಗ್ಧವಾದ ಮಾತಿದೆ. ಎರಡೂ ಬೇಕು ಎನ್ನಬೇಕಾದರೆ ‘ಎರಡನ್ನೂ ಸಲ್ಲಿಸಿದವರ ಅರ್ಜಿಗಳನ್ನು ಮಾತ್ರ ಪರಿಗಣಿಸಲಾಗುವುದು’ ಎಂದು ನೇರವಾಗಿ ಬರೆದರಾಯಿತು.

‘ಪರೀಕ್ಷೆಯಲ್ಲಿ ಇಂಗ್ಲಿಷನ್ನು ಇಂಗ್ಲಿಷಿನಂತೆ ಬರೆಯಬೇಕಷ್ಟೆ, ಕನ್ನಡವನ್ನು ನಡುವೆ ತಂದರೆ ಗೊಂದಲ ಹೆಚ್ಚುವುದು’ ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಕನ್ನಡವನ್ನು ನಾವು ತರಬೇಕಾಗಿಲ್ಲ. ಅದು ನಮ್ಮ ತಲೆಯಲ್ಲಿ ಮೊದಲೇ ಇದೆ. ಅದನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ಕಿಟಕಿಯಿಂದ ಬರುತ್ತದೆ. ಬಹಿರಂಗವಾಗಿ ಕರೆದು ಪಕ್ಕದಲ್ಲಿ ಕೂರಿಸಿ, ‘ನಮ್ಮ ನಿಷೇಧ ಇಲ್ಲಿ ಕೂರುತ್ತದೆ, ಅವರದು ಅಲ್ಲಿ ಕೂರುತ್ತದೆ’ ಎಂದು ತೋರಿಸಿಕೊಟ್ಟರೆ ಸೂತ್ರವು ತಾನಾಗಿಯೇ ಮನಸ್ಸಿಗೆ ಹಿಡಿಯುತ್ತದೆ. ಜಪಾನಿಯಂತಹ ಮೂರನೆಯ ಭಾಷೆಯ ನಾಲ್ಕು ವಾಕ್ಯಗಳು ಸಿಕ್ಕರಂತೂ ಇನ್ನೂ ಮೇಲು; ಇಂಗ್ಲಿಷಿನ ಕ್ರಮವು ಹಲವು ಕ್ರಮಗಳಲ್ಲಿ ಒಂದೆಂದು ಆಗ ತಿಳಿಯುತ್ತದೆ, ಅಂಜಿಕೆ ಕಡಮೆಯಾಗುತ್ತದೆ.

ಆದಕಾರಣ ಗುರುಗಳಲ್ಲಿ ನನ್ನ ವಿನಂತಿ ಇಷ್ಟೆ: ಮುಂದಿನ ವರ್ಷ ‘ನೈದರ್–ನಾರ್’ ಪಾಠ ಬಂದಾಗ ಕರಿಹಲಗೆಯ ಮೇಲೆ ಕನ್ನಡದ ಒಂದು ಸಾಲಿಗೂ ಜಾಗ ಕೊಡಿರಿ. ಸಹಪಾಠಿಗಳಿಗೂ ಒಂದು ಮಾತು: ನಾಳೆ ನಮ್ಮಲ್ಲಿ ಕೆಲವರು ಕಚೇರಿಗಳಲ್ಲಿ ಕುಳಿತು ಪ್ರಕಟಣೆಗಳನ್ನು ಬರೆಯುವವರಾಗುತ್ತೇವೆ. ಆಗ ‘ಅಥವಾ’ ಮತ್ತು ‘ಇಲ್ಲ’ ಒಂದೇ ವಾಕ್ಯದಲ್ಲಿ ಬಂದರೆ ಲೇಖನಿಯನ್ನು ತುಸು ತಡೆದು, ಅದನ್ನು ಓದುವ ಹುಡುಗನು ಹೇಗೆ ತಿಳಿದುಕೊಳ್ಳುವನೆಂದು ಒಮ್ಮೆ ಯೋಚಿಸೋಣ.