ನಿವೃತ್ತ ಎಂಜಿನಿಗೊಂದು ಗೇಣು ಹಳಿ

ಪುಣೆಯ ಕೋಥರೂಡಿನಲ್ಲಿ ಭಾವೂ ಜೋಶಿಯವರು ಕಟ್ಟಿದ ಕಿರುರೈಲ್ವೆಯ ವಸ್ತುಸಂಗ್ರಹಾಲಯವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಕಂಡಿರುವರು. 1998ರಿಂದ ಮಕ್ಕಳನ್ನು ಬೆರಗುಗೊಳಿಸುತ್ತಿರುವ ಆ ಪುಟ್ಟ ಗಾಡಿಗಳನ್ನು ನೋಡಿಬಂದ ಹುರುಪಿನಲ್ಲಿ, ಹಿಂಜವಾಡಿಯ ನಮ್ಮ ನೆರೆಮನೆಯ ಹುಡುಗರು ಕಳೆದ ದೀಪಾವಳಿಯ ರಜೆಯಲ್ಲಿ ಹಲಗೆಯೊಂದರ ಮೇಲೆ ಹಳಿಗಳನ್ನು ಹಾಸಿ ತಮ್ಮದೇ ಆದ ರೈಲ್ವೆಯನ್ನು ಸ್ಥಾಪಿಸಿದರು. ಅಲ್ಲಿ ಎದ್ದ ಒಂದು ವಿವಾದದಲ್ಲಿ ನಾವು ತಪ್ಪು ತೀರ್ಪನ್ನಿತ್ತೆವು. ಅದನ್ನು ತಿದ್ದಿಕೊಳ್ಳುವುದಕ್ಕಾಗಿಯೇ ಈ ಬರಹ.

ಅವರಲ್ಲೊಬ್ಬ ಬಾಲಕನ ಅಜ್ಜನವರು ಡೀಸೆಲ್ ಶೆಡ್ಡಿನಲ್ಲಿ ಫಿಟ್ಟರಾಗಿ ದುಡಿದು ನಿವೃತ್ತರಾದವರು. ಆತನು ಮೋಟರು ಸುಟ್ಟುಹೋದ ತನ್ನ ಹಳೆಯ ಆಟದ ಡೀಸೆಲ್ ಎಂಜಿನನ್ನು ತಂದು, ವಿದ್ಯುತ್ ಎಂಜಿನು ಎಳೆಯುವ ಸರಕುಗಾಡಿಯ ಕೊನೆಗೆ ಕಟ್ಟಿದನು. "ಇದು ರಿಟೈರ್ ಆಗಿದೆ, ಎಳೆದುಕೊಂಡು ಹೋಗಬೇಕು" ಎಂದನು. ಅದರ ಗಾಲಿಗಳು ಉರುಳಲಿಲ್ಲ. ಮೊದಲ ತಿರುವಿನಲ್ಲಿಯೇ ನಡುವಿನ ಹಗುರವಾದ ಡಬ್ಬಿಗಳು ಒಳಬದಿಗೆ ಮಗುಚಿಬಿದ್ದವು. ಉಳಿದವರು ನಕ್ಕರು. ಓಡಲಾರದ ಎಂಜಿನಿಗೆ ಆಟದಲ್ಲಿ ಏನು ಕೆಲಸವೆಂದು ನಾವೂ ಕೇಳಿದೆವು. ಅಲ್ಲಿಯೇ ಕುಳಿತಿದ್ದ ಅಜ್ಜನವರು ಮರುಮಾತಾಡದೆ ಎದ್ದು ಒಳಗೆ ಹೋದರು.

ಮರುದಿನ ಅವರೇ ಎಂಜಿನನ್ನು ಬಿಚ್ಚಿ ತೋರಿಸಿದರು. ಮೋಟರಿಗೆ ಸೇರಿದ ಸುರುಳಿಹಲ್ಲು ಗಾಲಿಯನ್ನು ತಿರುಗಿಸಬಲ್ಲದು. ಗಾಲಿಯು ಸುರುಳಿಹಲ್ಲನ್ನು ತಿರುಗಿಸಲಾರದು. ಆದುದರಿಂದ ಅದನ್ನು ಕಳಚದ ಹೊರತು, ಎಷ್ಟು ಎಳೆದರೂ ಗಾಲಿಗಳು ಜಾರುವುವೇ ವಿನಾ ಉರುಳುವುದಿಲ್ಲ. ಮೇಲಾಗಿ, ಭಾರದ ವಾಹನವು ಎಳೆಯುವ ಎಂಜಿನಿನ ಬೆನ್ನಿಗೇ ಇರತಕ್ಕದ್ದು, ಬಾಲದಲ್ಲಲ್ಲ. ನಿಜವಾದ ರೈಲ್ವೆಯಲ್ಲಿಯೂ 'ಡೆಡ್' ಎಂಜಿನನ್ನು ಸಾಗಿಸುವಾಗ ಅದರ ಬ್ರೇಕುಗಳನ್ನು ತಕ್ಕಂತೆ ಹೊಂದಿಸಿ, ಮಿತವಾದ ವೇಗದಲ್ಲಿ ಒಯ್ಯುವರೆಂದು ಹೇಳಿದರು. ಇಷ್ಟಾದ ಮೇಲೆ ಅದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತು.

ಆಟದಲ್ಲಿ ಮುದಿ ಎಂಜಿನೂ ಹೊಸದರಂತೆ ಓಡಲಿ, ಮಕ್ಕಳ ಸಂತೋಷಕ್ಕೆ ಇಸವಿಯ ಹಂಗೇಕೆ ಎನ್ನುವವರುಂಟು. ಓಡಲಿ, ಬೇಡವೆನ್ನುವವರಾರು? ಆದರೆ ಹಲಗೆಯ ಮೇಲೆ ಇಂದಿನ ವಿದ್ಯುತ್ ಗಾಡಿಗಳನ್ನು ಓಡಿಸುವವರು, ನಿನ್ನೆ ದುಡಿದವುಗಳ ಗತಿ ಏನಾಯಿತೆಂಬುದನ್ನು ಬಚ್ಚಿಡುವುದು ಸರಿಯೆಂದು ನಮಗೆ ತೋರುವುದಿಲ್ಲ. 1962ರಲ್ಲಿ ಅಮೆರಿಕೆಯ ಆಲ್ಕೋ ಕಾರ್ಖಾನೆಯಿಂದ ಬಂದು, 1964ರಿಂದ ವಾರಾಣಸಿಯಲ್ಲಿಯೇ ತಯಾರಾಗತೊಡಗಿದ 2,600 ಅಶ್ವಶಕ್ತಿಯ ಡಬ್ಲ್ಯುಡಿಎಂ-2 ಎಂಜಿನುಗಳು ದೇಶದ ಉದ್ದಗಲಕ್ಕೂ ದುಡಿದವು. ಆಲ್ಕೋ ಸಂಸ್ಥೆಯೇ 1969ರಲ್ಲಿ ಬಾಗಿಲು ಮುಚ್ಚಿತು. ಅದರ ಎಂಜಿನುಗಳ ಸಂತಾನವು ಮಾತ್ರ ಇಲ್ಲಿ ದಶಕಗಳವರೆಗೆ ಬೆಳೆಯಿತು. ಹುಬ್ಬಳ್ಳಿಯ ಕಡೆಯಿಂದ ಒಂದು ಪೆಟ್ಟಿಗೆಯೊಡನೆ ನಾವು ಈ ಊರಿಗೆ ಹೊಟ್ಟೆಪಾಡಿಗಾಗಿ ಬಂದುದೂ ಡೀಸೆಲ್ ಎಳೆದ ಗಾಡಿಯಲ್ಲಿಯೇ. ತಲೆಯ ಮೇಲೆ ವಿದ್ಯುತ್ ತಂತಿ ಹಬ್ಬಿದಂತೆಲ್ಲ ಅವು ಹಿಂದೆ ಸರಿದವು. ಕೆಲವಕ್ಕೆ ವಸ್ತುಸಂಗ್ರಹಾಲಯದ ಭಾಗ್ಯ ದೊರೆಯಿತು. ಬಹಳಷ್ಟು ಗುಜರಿಯ ಪಾಲಾದವು. ಆ ಕೊನೆಯ ಪ್ರಯಾಣವೂ ರೈಲ್ವೆಯ ಕೆಲಸವೇ. ಅದನ್ನು ಅರಿತು ಮಾಡುವವರು ಬೇಕು. ಆ ಬಾಲಕನು ಮನೆಯಲ್ಲಿ ಕೇಳಿ ತಿಳಿದುದನ್ನೇ ಆಡಿ ತೋರಿಸಿದ್ದನು; ನಮಗೆ ಅದು ತಿಳಿದಿರಲಿಲ್ಲ, ಅಷ್ಟೆ.

ಈ ವರ್ಷದ ವಿಜ್ಞಾನ ಪ್ರದರ್ಶನಕ್ಕೆ ಆ ಹಲಗೆಯು ನಮ್ಮ ಶಾಲೆಗೆ ಬರಲಿದೆ. 87ರಲ್ಲಿ ಒಂದು ಪಾಲಿನ ಪ್ರಮಾಣದಲ್ಲಿ 17 ಮೀಟರ್ ಉದ್ದದ ಎಂಜಿನು 20 ಸೆಂಟಿಮೀಟರಿಗೆ ತುಸು ಕಡಿಮೆಯಾಗುವುದು. (ಸಂದೇಹವಿದ್ದವರು ಭಾಗಿಸಿ ನೋಡಬಹುದು.) ಶೆಡ್ಡಿನ ಪಕ್ಕದಲ್ಲಿ ಅದು ನಿಲ್ಲುವುದಕ್ಕೆ ಒಂದು ಗೇಣು ಹಳಿ ಹೆಚ್ಚಾಗಿ ಬೇಕು. ಹಲಗೆಗೆ ಇನ್ನೊಂದು ತುಂಡನ್ನು ಜೋಡಿಸಲು ಬಡಗಿಗೆ ತಿಳಿಸಿದ್ದೇವೆ; ಅಜ್ಜನವರನ್ನೂ ಬರಹೇಳಿದ್ದೇವೆ.